ಬೀಗರಿಗೆಂದು ತೆಗೆದಿಟ್ಟ ರೂಮು

ಅಕ್ಕೋರು ಹೋದ ಸುದ್ದಿಯನ್ನು ನನಗೆ ಮೂರು ಜನ ಬೇರೆ ಬೇರೆಯಾಗಿ ಫೋನ್ ಮಾಡಿ ಹೇಳಿದರು. ಮೊದಲು ಖಾದರ್, ಆಮೇಲೆ ಗಿರಿಜಾ, ಕೊನೆಗೆ ನಮ್ಮ ಸಾಹುಕಾರರು. ಮೂವರಿಗೂ ನಾನು ಆಗಷ್ಟೇ ಕೇಳಿದವನ ಹಾಗೆ ಹೌದಾ, ಯಾವಾಗ, ಹೆಂಗಾತು ಎನ್ನಬೇಕಾಯಿತು. ಅಕ್ಕೋರಿಗೆ ಇದು ಗೊತ್ತಾಗಿದ್ದರೆ ಹೋದ ದಿನವೂ ನಮಗೆ ಬೈಗುಳ ತಪ್ಪುತ್ತಿರಲಿಲ್ಲ. ಒಂದು ಮಾತನ್ನು ಒಬ್ಬರೇ ಹೇಳಬೇಕು, ಒಂದೇ ಸಲ ಹೇಳಬೇಕು, ಬೇಕಾದವರು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು ಎನ್ನುವುದು ಅವರ ಧರ್ಮವಾಗಿತ್ತು. ನಮ್ಮ ಆಫೀಸಿನಲ್ಲಿ ಆ ಧರ್ಮಕ್ಕೆ ಬಹಳ ಕಾಲ ಅವರೊಬ್ಬರೇ ಭಕ್ತರು.

ಸಂಡೂರಿನಲ್ಲಿ ತಮ್ಮನ ಮನೆಯ ಮೇಲಿನ ಕೋಣೆಯಲ್ಲಿ ಇದ್ದರು. ಬೆಳಿಗ್ಗೆ ಚಹಾದ ಲೋಟ ಹಿಡಿದು ಕುರ್ಚಿಯಲ್ಲಿ ಕುಳಿತವರು ಹಾಗೆಯೇ ಹೋಗಿಬಿಟ್ಟರಂತೆ. ಎದ್ದು ಹೋಗಿ ಮಲಗೋ ಕೆಲಸಾನೂ ಉಳಿಸಿಕೊಂಡ್ರು ನೋಡು ಎಂದು ಖಾದರ್ ಫೋನಿನಲ್ಲಿ ಅಂದ. ಅಂದವನೇ ಅತ್ತುಬಿಟ್ಟ.

ಹೊಸಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಸಾಹುಕಾರರದು ಮೂಲದಲ್ಲಿ ಬಾಳೆಕಾಯಿ ವ್ಯಾಪಾರ. ಹಂಪಿಗೆ ಬರುವವರೆಲ್ಲ ಈಗ ಫೋನಿನಲ್ಲೇ ರೂಮು ಹಿಡಿದುಕೊಂಡು ಬರುತ್ತಾರೆ ಎಂದು ಯಾರೋ ಹೇಳಿದ್ದನ್ನು ತಲೆಗೆ ಹಾಕಿಕೊಂಡು, ಇಲ್ಲಿನ ಸಣ್ಣ ದೊಡ್ಡ ಲಾಡ್ಜು, ಗೆಸ್ಟ್‌ಹೌಸುಗಳನ್ನೆಲ್ಲ ಸೇರಿಸಿ ಒಂದು ಬುಕಿಂಗ್ ವೆಬ್‌ಸೈಟು ಮಾಡಿಸಿದರು. ಮಾಡಿದವರು ನಾವು ಮೂರು ಜನ. ಪರದೆಯ ಮೇಲೆ ಜನಕ್ಕೆ ಕಾಣುವ ಭಾಗ ಹೊಸಪೇಟೆಯವನೇ ಆದ ಖಾದರನದು. ಮಾಹಿತಿಯನ್ನೆಲ್ಲ ಕೂಡಿಟ್ಟ ಡೇಟಾಬೇಸು ವಡ್ಡು ಗ್ರಾಮದಿಂದ ಬರುವ ಗಿರಿಜಾಳದು. ನಡುವೆ ನಿಂತು ಇವನ ಮಾತು ಅವಳಿಗೆ, ಅವಳ ಮಾತು ಇವನಿಗೆ ಮುಟ್ಟಿಸುವ ಸರ್ವರಿನ ಕೆಲಸ ಕಂಪ್ಲಿಯಿಂದ ಬಸ್ಸು ಹತ್ತಿ ಬರುವ ನನ್ನದು. ಮೂವರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ಒಂದೇ ಪೇಪರಿನ ಮೇಲೆ ಮಂಡಕ್ಕಿ ಒಗ್ಗರಣಿ ಸುರಿದುಕೊಂಡು, ಮಿರ್ಚಿಗೆ ಕಿತ್ತಾಡಿ ತಿನ್ನುತ್ತಿದ್ದೆವು. ಕೆಲಸವೊಂದನ್ನು ಬಿಟ್ಟು ಉಳಿದ ಎಲ್ಲ ವಿಷಯ ಮಾತಾಡುತ್ತಿದ್ದೆವು.

ಅಂಥ ನಮ್ಮನ್ನು ಹದ್ದುಬಸ್ತಿನಲ್ಲಿ ಇಡಲಿಕ್ಕೆ ಸಾಹುಕಾರರು ಅಕ್ಕೋರನ್ನು ಕರೆತಂದರು. ಅವರು ಉಕ್ಕಿನ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಬಹಳ ವರ್ಷ ದುಡಿದು, ಸಾಕೆನಿಸಿ ಬಿಟ್ಟು ಬಂದವರು. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ಆದರೂ ಅವರು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದ ರೀತಿಗೆ ಮೂವರಿಗೂ ಏಕಕಾಲಕ್ಕೆ ಪ್ರೈಮರಿ ಶಾಲೆ ನೆನಪಾಯಿತು. ನಮ್ಮ ಕಡೆ ಶಾಲೆಯ ಟೀಚರಿಗೆ ಅನ್ನುವ ಹಾಗೆ ಅಂದಿನಿಂದ ಅವರು ಅಕ್ಕೋರು. ಕುಳ್ಳಗೆ, ದುಂಡಗೆ, ಹತ್ತಿ ಸೀರೆ, ಕಾಲಿಗೆ ಗಂಡಸರ ಚಪ್ಪಲಿ. ಹೆಂಗಸರ ಚಪ್ಪಲಿ ವರ್ಷಕ್ಕೆ ಎರಡು ಸಲ ಕೊಳ್ಳಬೇಕಾಗುತ್ತದೆ ಎನ್ನುವುದು ಅದಕ್ಕೆ ಅವರು ಕೊಟ್ಟ ಕಾರಣ.

ಬಂದ ಮೊದಲ ವಾರ ನಾವು ಒಬ್ಬೊಬ್ಬರಾಗಿ ಹೋಗಿ ನಮಸ್ಕಾರ ಹೇಳಿ, ಆರಾಮ ಅದೀರಿ, ನಾಷ್ಟಾ ಆತ್ರಿ, ಬಸ್ಸು ಸಿಕ್ತ್ರಿ ಎಂದು ವಿಚಾರಿಸುತ್ತಿದ್ದೆವು. ಒಳ್ಳೆಯ ನಡತೆ ಎಂದೇ ಮಾಡಿದ್ದು. ಎರಡು ದಿನ ತಡೆದುಕೊಂಡರು. ಮೂರನೆಯ ದಿನ ಬಾಗಿಲಲ್ಲೇ ನಿಂತು, ಎಲ್ಲರಿಗೂ ನಮಸ್ಕಾರ, ಆರಾಮ ಇದ್ದೇನೆ, ಉಪ್ಪಿಟ್ಟು ತಿಂದು ಬಂದಿದ್ದೇನೆ, ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಬಿಸಿಲು ಜೋರಿದೆ ಎಂದು ಒಂದೇ ಉಸಿರಿಗೆ ಹೇಳಿ ಒಳಗೆ ಬಂದು ಕುಳಿತರು. ಅಷ್ಟರ ಮೇಲೂ ಯಾರಾದರೂ ಕೇಳಿದರೆ ತೋರುಬೆರಳನ್ನು ಮೇಲೆತ್ತುತ್ತಿದ್ದರು. ಆಗಲೇ ಹೇಳಿ ಆಗಿದೆ ಎಂದು ಅದರ ಅರ್ಥ. ಆ ಬೆರಳಿಗೆ ಸಾಹುಕಾರರೂ ಹೆದರುತ್ತಿದ್ದರು.

ಒಮ್ಮೆ ಮೊಣಕಾಲು ನೋವೆಂದು ಆಸ್ಪತ್ರೆಗೆ ಹೋಗಿದ್ದರು. ನಾನೇ ಜೊತೆಗಿದ್ದೆ. ಚೀಟಿ ಮಾಡಿಸುವ ಕಡೆ ವಯಸ್ಸೆಷ್ಟು, ಎಷ್ಟು ದಿನದಿಂದ ನೋವು ಎಂದು ಕೇಳಿ ಬರೆದುಕೊಂಡರು. ಒಳಗೆ ನರ್ಸಮ್ಮ ಅದನ್ನೇ ಕೇಳಿದಳು. ಹೇಳಿದರು. ಡಾಕ್ಟರು ಚೀಟಿ ಕೈಯಲ್ಲಿ ಹಿಡಿದುಕೊಂಡೇ ಮತ್ತೆ ಅದನ್ನೇ ಕೇಳಿದಾಗ ಅಕ್ಕೋರು ಬೆರಳೆತ್ತಿದರು. ಹೊರಗೆ ಚೀಟಿ ಬರೆಯುವ ಹುಡುಗಿಯನ್ನು ಕೇಳಿಕೊಳ್ಳಿ, ಅವಳಿಗೆಲ್ಲ ಗೊತ್ತು ಎಂದರು. ಡಾಕ್ಟರಿಗೆ ಸಿಟ್ಟು ಬಂತು, ಇವರಿಗೆ ಮೊದಲೇ ಬಂದಿತ್ತು. ಇಬ್ಬರ ನಡುವೆ ಮೊಣಕಾಲು ತನ್ನ ಪಾಡಿಗೆ ನೋಯುತ್ತಿತ್ತು. ಕೊನೆಗೆ ಔಷಧಿ ಅಂಗಡಿಯಲ್ಲಿ ಒಂದು ಮುಲಾಮು ಕೊಂಡು ವಾಪಸ್ಸು ಬಂದೆವು.

ಸೋಮಾರಿ ಎಂದರೆ ಅವರಿಗೆ ಬೇಸರವಿರಲಿಲ್ಲ. ತಾವೇ ಹೇಳಿಕೊಳ್ಳುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡೇ ಕಣ್ಣು ಮುಚ್ಚುತ್ತಿದ್ದರು. ದರೋಜಿ ಧಾಮದ ಕರಡಿ ಕೂಡ ಇಷ್ಟು ನಿದ್ದೆ ಮಾಡಲಿಕ್ಕಿಲ್ಲ ಎಂದು ಖಾದರ್ ಪಿಸುಗುಟ್ಟಿದರೆ, ಕಣ್ಣು ತೆರೆಯದೆಯೇ, "ಕರಡಿಗೆ ಯಾರೂ ಬಂದು ಕೇಳಿದ್ದ ಕೇಳಂಗಿಲ್ಲಪಾ, ಅದಕ್ಕ ಅದು ಆರಾಮ ಐತಿ" ಎಂದಿದ್ದರು. ಖಾದರ್ ಆಮೇಲೆ ಪಿಸುಗುಡುವುದಕ್ಕೆ ಕೆಳಗಿನ ಪಂಪ್‌ಸೆಟ್ ಅಂಗಡಿಗೆ ಇಳಿದು ಹೋಗುತ್ತಿದ್ದ.

ನಮ್ಮ ವೆಬ್‌ಸೈಟನ್ನು ಅವರು ಮೊದಲು ಬಿಚ್ಚಿ ನೋಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಯಾರಾದರೂ ಒಂದು ಗೆಸ್ಟ್‌ಹೌಸಿನ ಪುಟ ತೆರೆದರೆ ಹೆಸರು ತೋರಿಸಲಿಕ್ಕೆ ಖಾದರ್ ನನ್ನನ್ನು ಕೇಳುತ್ತಿದ್ದ. ನಾನು ಗಿರಿಜಾಳನ್ನು ಕೇಳಿ ತಂದುಕೊಡುತ್ತಿದ್ದೆ. ಕೂಡಲೇ ಫೋಟೊದ ಕೆಳಗೆ ಹಾಕಲಿಕ್ಕೆ ಅದೇ ಹೆಸರು ಮತ್ತೆ ಕೇಳುತ್ತಿದ್ದ. ನಾನು ಮತ್ತೆ ಹೋಗಿ ತರುತ್ತಿದ್ದೆ. ನಕ್ಷೆಗೆ ಇನ್ನೊಮ್ಮೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ನಡೆಯುವ ಕೆಲಸ, ಹಾಗಾಗಿ ನಮಗೆ ತಪ್ಪೆನಿಸಿರಲಿಲ್ಲ. ಪುಟ ಮಾತ್ರ ತೆವಳಿಕೊಂಡು ಬರುತ್ತಿತ್ತು. ನಮ್ಮ ಕಡೆ ನೆಟ್‌ವರ್ಕು ಸರಿಯಿಲ್ಲ ಎಂದು ನಾವು ಊರನ್ನೇ ದೂರುತ್ತಿದ್ದೆವು. ಅಕ್ಕೋರು ಖಾದರನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ಒಂದು ಸಲ ಕೊಟ್ಟದ್ದನ್ನು ಕಿಸೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಏನು ಧಾಡಿ ಎಂದು ಕೇಳಿದರು. ಅವನು ಇಟ್ಟುಕೊಂಡ. ಪುಟ ಓಡಿಬಂತು. ಊರಿನ ಮೇಲಿದ್ದ ಆಪಾದನೆ ಹೋಯಿತು.

ಹಾಗೆಂದು ಎರಡು ಸಲ ನಡೆಯುವ ಎಲ್ಲ ಕೆಲಸವನ್ನೂ ಕಿತ್ತೆಸೆದರು ಎಂದಲ್ಲ. ಬುಕಿಂಗ್ ಮಾಡುವವರ ಫೋನ್ ನಂಬರು ಸರಿಯಾಗಿದೆಯೇ ಎಂದು ಖಾದರನೂ ನೋಡುತ್ತಿದ್ದ, ನಾನೂ ನೋಡುತ್ತಿದ್ದೆ. ಅಕ್ಕೋರನ್ನು ಮೆಚ್ಚಿಸಲು ನನ್ನ ಕಡೆಯದನ್ನು ತೆಗೆದು ಹಾಕಿ ಬೆನ್ನು ತಟ್ಟಿಸಿಕೊಳ್ಳಲು ಹೋದೆ. ಬೆನ್ನು ಉಳಿದದ್ದೇ ಹೆಚ್ಚು. ಖಾದರನ ಪರದೆಯನ್ನು ದಾಟದೆ ಕಳ್ಳದಾರಿಯಲ್ಲಿ ನೇರ ಸರ್ವರಿಗೆ ಬರುವವರಿದ್ದಾರೆ, ಆಗ ಅವರನ್ನು ಕೇಳುವವರು ಯಾರು ಎಂದರು. "ಹೊರಗಿನವ ನೆನಪು ಮಾಡ್ಲಿ, ಒಳಗಿನವ ತೀರ್ಮಾನ ಮಾಡ್ಲಿ. ತೀರ್ಮಾನ ಇಬ್ರು ಮಾಡಬಾರ್ದು, ಅಷ್ಟ." ಹೊರಗಿನವ ಖಾದರ್, ಒಳಗಿನವ ನಾನು; ಅವರು ಹೇಳಿದ್ದು ಅಷ್ಟೇ. ತಿರುಗಿ ಕೇಳುವ ಹಾಗಿಲ್ಲವಲ್ಲ, ನಾನು ಆ ಮಾತನ್ನು ಬಸ್ಸಿನಲ್ಲಿ ಕಂಪ್ಲಿಯವರೆಗೂ ನೆನೆಸಿಕೊಂಡು ಹೋಗಿದ್ದೆ.

ಇನ್ನು ಶಾಂತಕ್ಕನ ಸಂಗತಿ.

ಶಾಂತಕ್ಕನದು ಹಂಪಿಯಲ್ಲಿ ಬಾಳೆತೋಟದ ದಾರಿಗೆ ನಾಲ್ಕು ರೂಮುಗಳ ಗೆಸ್ಟ್‌ಹೌಸು. ಗಂಡ ಗೈಡ್ ಆಗಿದ್ದ. ಇಬ್ಬರೂ ಸೇರಿ ಒಂದೊಂದೇ ರೂಮು ಕಟ್ಟಿಕೊಂಡಿದ್ದರು. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬಳೇ ನಡೆಸುತ್ತಿದ್ದಳು. ನಮ್ಮ ವೆಬ್‌ಸೈಟಿಗೆ ಸೇರಿದ ಮೇಲೆ ಆಕೆಗೆ ಒಳ್ಳೆಯದಾಗಬೇಕಿತ್ತು. ಆದದ್ದು ತಿರುಗಾಮುರುಗಾ. ಸೀಜನ್ ಶುರುವಾಗಿ ಅಕ್ಕಪಕ್ಕದ ದೊಡ್ಡ ಗೆಸ್ಟ್‌ಹೌಸುಗಳೆಲ್ಲ ತುಂಬಿ ತುಳುಕುತ್ತಿದ್ದರೂ ಇವಳಲ್ಲಿ ಒಂದು ರೂಮು ಮಾತ್ರ ಹೋಗುತ್ತಿತ್ತು. ಬ್ಯಾಗು ಹೊತ್ತವರು ಫೋನು ನೋಡಿಕೊಂಡು ಅವಳ ಬಾಗಿಲ ಮುಂದೆಯೇ ದಾಟಿ ಹೋಗುತ್ತಿದ್ದರು. ಇದನ್ನು ನೋಡಿ ಒಬ್ಬ ಲಾಡ್ಜಿನವನು, ನಾಲ್ಕೂ ರೂಮು ನನಗೆ ಲೀಜಿಗೆ ಕೊಟ್ಟುಬಿಡು, ನೀನು ಅಡಿಗೆ ಮಾಡಿಕೊಂಡು ಇಲ್ಲೇ ಇರು ಎಂದು ಬೆನ್ನು ಹತ್ತಿದ್ದ. ಸೋಮವಾರ ಬಂದು ಮಾತು ಮುಗಿಸುತ್ತೇನೆ ಎಂದೂ ಹೇಳಿ ಹೋಗಿದ್ದ.

ಶಾಂತಕ್ಕ ನಮ್ಮ ಆಫೀಸಿಗೆ ಫೋನ್ ಮಾಡಿದಳು. ಖಾದರ್ ಎತ್ತಿದ. ಆಕೆ ಎಲ್ಲ ಹೇಳಿದಳು. ಅವನು ತನ್ನ ಭಾಗ ನೋಡಿ, ನನ್ನ ಕಡೆ ಸರಿ ಇದೆ ಎಂದು ಫೋನನ್ನು ನನಗೆ ಕೊಟ್ಟ. ಆಕೆ ಮೊದಲಿನಿಂದ ಹೇಳಿದಳು. ನಾನೂ ನೋಡಿದೆ, ನನ್ನ ಕಡೆಯೂ ಸರಿ ಇತ್ತು. ಗಿರಿಜಾಳಿಗೆ ಕೊಟ್ಟೆ. ಮೂರನೆಯ ಸಲ ಹೇಳುವಾಗ ಶಾಂತಕ್ಕ ಅತ್ತುಬಿಟ್ಟಳು. ಫೋನಿನಿಂದ ಅಳು ಹೊರಗೆ ಕೇಳಿಸುತ್ತಿತ್ತು. "ನನ್ನ ಮನಿಯಾಗ ನಾನ ಅಡಿಗಿ ಆಳು ಆಗಬೇಕೇನವಾ" ಎನ್ನುತ್ತಿದ್ದಳು.

ಕಿಟಕಿಯ ಪಕ್ಕ ಕಣ್ಣು ಮುಚ್ಚಿದ್ದ ಅಕ್ಕೋರು ಎದ್ದರು. ನಾವು ಬೆರಳಿಗಾಗಿ ಕಾದೆವು. ಬೆರಳು ಏಳಲಿಲ್ಲ. ಫೋನು ಕಸಿದುಕೊಂಡು, ಅಳಬೇಡಿರಿ, ಇನ್ನು ಯಾರಿಗೂ ಏನೂ ಹೇಳಬೇಡಿರಿ, ಬಂದೆ ಎಂದರು. ಆಮೇಲೆ ನಮ್ಮತ್ತ ತಿರುಗಿದರು.

"ಆಕಿ ತನ್ನ ಸಂಕಟ ಮೂರು ಮಂದಿಗೆ ಯಾಕ ಹೇಳಬೇಕು? ನೀವು ಮೂರು ಮಂದಿ ಒಂದ ಕ್ವಾಣ್ಯಾಗ ಕುಂತೀರಲ್ಲ."

ನಾವು ನೆಲ ನೋಡಿದೆವು. ನೆಲದ ಮೇಲೆ ಬೆಳಗಿನ ಮಂಡಕ್ಕಿ ಬಿದ್ದಿತ್ತು.

ಹಂಪಿಗೆ ಖಾದರನ ಬೈಕಿನಲ್ಲಿ ನಾನೇ ಕರೆದೊಯ್ದೆ. ಎದ್ದು ನೀರು ಕುಡಿಯಲಿಕ್ಕೂ ಬೇಸರಪಡುವ ಹೆಂಗಸು ಮೊಣಕಾಲು ನೋವಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಅಡ್ಡ ಕುಳಿತಿದ್ದರು. ಕಮಲಾಪುರ ದಾಟುವವರೆಗೂ ರಸ್ತೆಯನ್ನೂ, ಬೈಕನ್ನೂ, ನನ್ನನ್ನೂ ಸರದಿಯ ಮೇಲೆ ಬೈದರು. ಶಾಂತಕ್ಕನ ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ತಮ್ಮ ಫೋನು ತೆಗೆದು ಅವಳ ಗೆಸ್ಟ್‌ಹೌಸಿನ ಪುಟ ತೆರೆದರು. ಆ ಹೊತ್ತು ನಾಲ್ಕೂ ರೂಮು ಖಾಲಿ. ಪುಟದ ಮೇಲೆ ಒಂದು ರೂಮು ಇದೆ ಎಂದು ಕಾಣುತ್ತಿತ್ತು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಗೆಸ್ಟ್‌ಹೌಸು ನಡೆಸುವವರಿಗೆ ಪೊಲೀಸರಿಗಿಂತ, ಮಂಗಗಳಿಗಿಂತ ದೊಡ್ಡ ಭಯ ಎಂದರೆ ಬೀಗರು. ಹೇಳದೆ ಕೇಳದೆ ಬಂದಿಳಿಯುತ್ತಾರೆ. ಬಂದಾಗ ರೂಮಿಲ್ಲ ಎಂದರೆ ಹುಡುಗಿ ಕೊಟ್ಟ ಮನೆಯಲ್ಲಿ ಆ ಮಾತು ವರ್ಷಗಟ್ಟಲೆ ನಿಲ್ಲುತ್ತದೆ. ಹಾಗಾಗಿ ಎಂಥ ಸೀಜನ್ನಿನಲ್ಲೂ ಒಂದು ರೂಮನ್ನು ಬೀಗರಿಗೆಂದು ಯಾರಿಗೂ ಕೊಡದೆ ಇಟ್ಟುಕೊಳ್ಳುವುದು ಪದ್ಧತಿ. ಅಕ್ಕೋರು ಬರುವುದಕ್ಕೆ ಮೊದಲೇ ಗೆಸ್ಟ್‌ಹೌಸಿನವರೆಲ್ಲ ಸಾಹುಕಾರರ ಮೇಲೆ ಬಿದ್ದು ಇದನ್ನು ಕೇಳಿದ್ದರು. ಸಾಹುಕಾರರು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಎಲ್ಲರದೂ ಒಂದೊಂದು ರೂಮು ಬೀಗರಿಗೆ ತೆಗೆದಿಟ್ಟು ಉಳಿದದ್ದನ್ನು ತೋರಿಸಿರಿ ಎಂದು ಅಪ್ಪಣೆ ಮಾಡಿ ಬಾಳೆಕಾಯಿ ಲಾರಿ ನೋಡಲು ಹೋಗಿದ್ದರು.

ಅಕ್ಕೋರು ಕಟ್ಟೆಯ ಮೇಲಿಂದಲೇ ಗಿರಿಜಾಳಿಗೆ ಫೋನ್ ಹಚ್ಚಿಸಿದರು. ಶಾಂತಕ್ಕನದು ಎಷ್ಟು ಖಾಲಿ ಎಂದು ನಿನ್ನ ಕಡೆಯಿಂದ ಕೊಡುತ್ತೀ ಎಂದು ಕೇಳಿದರು. ಮೂರು ಅಂದಳು. ಬೀಗರ ರೂಮು ಕಳೆದು. ನನ್ನನ್ನು ನೋಡಿದರು. ನಾನು ಲ್ಯಾಪ್‌ಟಾಪ್ ತೆಗೆದು ನೋಡಿದೆ. ಗಿರಿಜಾ ಕೊಟ್ಟ ಮೂರರಲ್ಲಿ ಬೀಗರಿಗೆಂದು ಒಂದು ಕಳೆದು ಎರಡು ಕೊಡುತ್ತಿದ್ದೆ. ಖಾದರನನ್ನು ಕೇಳುವುದು ಬೇಕಿರಲಿಲ್ಲ. ಆದರೂ ಕೇಳಿದರು. ನಾನು ಕೊಟ್ಟ ಎರಡರಲ್ಲಿ ಅವನೂ ಬೀಗರಿಗೆ ಒಂದು ತೆಗೆದಿಟ್ಟಿದ್ದ. ಮೂವರೂ ಜವಾಬ್ದಾರಿಯವರು. ಉಳಿದಿಬ್ಬರು ಮರೆತಿರುತ್ತಾರೆ ಎಂದು ಮೂವರಿಗೂ ಖಾತ್ರಿಯಿತ್ತು. ಮೂವತ್ತು ರೂಮಿನ ಲಾಡ್ಜುಗಳಲ್ಲಿ ಎರಡು ರೂಮು ಮಾಯವಾದದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

ಅಕ್ಕೋರು ನಕ್ಕರು. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತೇ. ಸೆರಗಿನಿಂದ ಕಣ್ಣು ಒರೆಸಿಕೊಂಡು, ನಿಮ್ಮ ಬೀಗರಿಗೆ ನಮ್ಮ ಹುಡುಗರು ಮೂರು ರೂಮು ಇಟ್ಟಿದ್ದಾರೆ ನೋಡಿರಿ ಎಂದು ಶಾಂತಕ್ಕನಿಗೆ ಹೇಳಿದರು. ಶಾಂತಕ್ಕ ನಗಲಿಲ್ಲ.

"ಮೂರು ರೂಮು ತುಂಬೋ ಬೀಗರು ನನಗೆಲ್ಲಿ ಅದಾರ್ರಿ ಅಕ್ಕಾರ. ಇದ್ದೋರೊಬ್ರು. ಅವರೂ ಹೊಳ್ಳಿ ಬಂದಿಲ್ಲ."

ಮಗಳನ್ನು ಗಂಗಾವತಿಗೆ ಕೊಟ್ಟಿದ್ದಳು. ಮದುವೆಯ ಊಟದಲ್ಲಿ ಬೀಗರ ಪಂಕ್ತಿಗೆ ಹೋಳಿಗೆ ತಡವಾಗಿ ಬಂತೆಂದು ಮುನಿಸಿಕೊಂಡು ಹೋದವರು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ. ಮಗಳು ಆಗೊಮ್ಮೆ ಈಗೊಮ್ಮೆ ಒಬ್ಬಳೇ ಬಂದು ಸಂಜೆಯೊಳಗೆ ವಾಪಸ್ಸು ಹೋಗುತ್ತಿದ್ದಳು. ಹಾಗಾದರೆ ನಾಲ್ಕೂ ರೂಮು ಬಿಟ್ಟುಬಿಡೋಣವೇ ಎಂದು ಅಕ್ಕೋರು ಕೇಳಿದರು. ಶಾಂತಕ್ಕ ಬೇಡವೆಂದಳು. ಒಂದಿರಲಿ, ಬಂದರೆ ಎಲ್ಲಿ ಕೂರಿಸಲಿ ಎಂದಳು.

ಆಫೀಸಿಗೆ ಬಂದ ಮೇಲೆ ಜಗಳ ಶುರುವಾಯಿತು. ಕಳೆಯುವುದು ಒಂದೇ ಕಡೆ ಆಗಬೇಕು ಎನ್ನುವುದಕ್ಕೆ ಮೂವರೂ ಒಪ್ಪಿದೆವು. ಆ ಒಂದು ಕಡೆ ತನ್ನದೇ ಆಗಬೇಕು ಎನ್ನುವುದಕ್ಕೂ ಮೂವರೂ ಪಟ್ಟು ಹಿಡಿದೆವು. ರೂಮು ಕಳೆಯುವುದೇನೋ ರಾಜ್ಯ ಆಳಿದ ಹಾಗೆ. ಅಕ್ಕೋರು ಮೂವರದೂ ಕೇಳಿಸಿಕೊಂಡರು. ಆಮೇಲೆ ಗಿರಿಜಾಳಿಗೆ, ಇದ್ದದ್ದನ್ನು ಇದ್ದ ಹಾಗೆ ಇಟ್ಟಿರು, ನಾಲ್ಕಿದ್ದರೆ ನಾಲ್ಕು ಎಂದರು. ಖಾದರನಿಗೆ, ಕೊಟ್ಟದ್ದನ್ನು ಕೊಟ್ಟ ಹಾಗೆ ತೋರಿಸು, ಅಧಿಕಪ್ರಸಂಗ ಬೇಡ ಎಂದರು. ನನಗೆ, ನೀನು ಕಳಿ ಎಂದರು. ಇಬ್ಬರೂ ಎರಡು ದಿನ ನನ್ನ ಜೊತೆ ಮಂಡಕ್ಕಿ ತಿನ್ನಲಿಲ್ಲ.

ಸರಿಮಾಡಿದ್ದು ಶುಕ್ರವಾರ. ಶನಿವಾರ ಸಂಜೆಗೆ ಶಾಂತಕ್ಕನ ಮೂರು ರೂಮೂ ತುಂಬಿದವು. ಭಾನುವಾರ ಫೋನ್ ಮಾಡಿ, ಹಾಸಿಗೆ ಹೊದಿಕೆ ಸಾಲುತ್ತಿಲ್ಲ ಎಂದು ದೂರಿದಳು. ಆ ದೂರು ಕೇಳಿ ನಮಗಾದ ಸಂತೋಷ ಹೇಳತೀರದು. ಸೋಮವಾರ ಲಾಡ್ಜಿನವನು ಬಂದಾಗ ಅಂಗಳದ ಹಗ್ಗದ ತುಂಬ ಪ್ರವಾಸಿಗಳ ಒದ್ದೆ ಟವೆಲ್ಲುಗಳು. ಅವನು ಅದನ್ನೇ ನೋಡುತ್ತ ಚಹಾ ಕುಡಿದು ಹೋದನಂತೆ. ಲೀಜಿನ ಮಾತು ಎತ್ತಲಿಲ್ಲವಂತೆ.

ನಾಲ್ಕನೆಯ ರೂಮು ಮಾತ್ರ ಅಕ್ಕೋರ ತಲೆಯಲ್ಲಿ ಕೊರೆಯುತ್ತಿತ್ತು. ಬೀಗರ ರೂಮು ಬೇಡವೆನ್ನುವವರಿಗೆ ಬೇಡವೆನ್ನುವ ಅನುಕೂಲವನ್ನೂ ನನ್ನ ಕೈಯಿಂದ ಮಾಡಿಸಿದ್ದರು. ಶಾಂತಕ್ಕ ಬೇಡವೆನ್ನಲಿಲ್ಲ. ಅಷ್ಟೇ ಆಗಿದ್ದರೆ ಬಿಡುತ್ತಿದ್ದರೋ ಏನೋ. ಆಕೆ ಆ ಖಾಲಿ ರೂಮನ್ನು ದಿನಾ ಗುಡಿಸಿ ಒರೆಸುತ್ತಾಳೆ, ಯಾರೂ ಮಲಗದ ಹಾಸಿಗೆಯ ಹೊದಿಕೆ ತೆಗೆದು ಒಗೆದು ಮತ್ತೆ ಹಾಸುತ್ತಾಳೆ ಎಂದು ತಿಳಿದಾಗ ಅಕ್ಕೋರಿಗೆ ಅನ್ನ ಸೇರದಂತಾಯಿತು. ಮಲಗದ ಹಾಸಿಗೆ ಒಗೆಯುವುದು ಎಂಥ ದಂಡದ ಕೆಲಸ ಎಂದು ಬಯ್ಯಲಿಕ್ಕೆಂದೇ ಮತ್ತೊಮ್ಮೆ ಬೈಕು ಹತ್ತಿದರು. ಶಾಂತಕ್ಕ ಅವರ ಮಾತೆಲ್ಲ ಕೇಳಿ, ಅವರು ಬಂದ ದಿನವೇ ಧೂಳಿದ್ದರೆ ಏನು ಮಾಡಲಿ ಎಂದು ಕೇಳಿದಳು. ಅಕ್ಕೋರಿಗೆ ಸಿಟ್ಟು ಬಂದು, ಹಾಗಾದರೆ ಈ ಹಾಸಿಗೆಯಲ್ಲಿ ನಾನೇ ಮಲಗುತ್ತೇನೆ, ಒಗೆದದ್ದಕ್ಕೆ ಒಂದು ಅರ್ಥವಾದರೂ ಇರಲಿ ಎಂದು ಹೋಗಿ ಮಲಗಿಬಿಟ್ಟರು. ಸಂಜೆಯವರೆಗೆ ಏಳಲಿಲ್ಲ. ನಾನು ಕಟ್ಟೆಯ ಮೇಲೆ ಮಂಗ ಕಾಯುತ್ತ ಕುಳಿತಿದ್ದೆ.

ಅಂದಿನಿಂದ ಶನಿವಾರ ಬಂತೆಂದರೆ ಅಕ್ಕೋರು ಸಂಡೂರಿನ ಬಸ್ಸು ಬಿಟ್ಟು ಹಂಪಿಯ ಬಸ್ಸು ಹತ್ತುವುದು ರೂಢಿಯಾಯಿತು. ಎಷ್ಟೋ ಸಲ ನಾನೂ ಜೊತೆಗಿರುತ್ತಿದ್ದೆ. ದೂರದಿಂದ ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಶಾಂತಕ್ಕ ಒಳಗಿನಿಂದಲೇ, ನಮ್ಮ ಬೀಗತಿ ಬಂದಳು, ಇವತ್ತು ಯಾವ ಹುಳುಕು ತೆಗೆಯುತ್ತಾಳೋ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು. ಅಕ್ಕೋರು ನಿಜವಾಗಿಯೂ ಹುಳುಕು ತೆಗೆಯುತ್ತಿದ್ದರು. ರೊಟ್ಟಿ ದಪ್ಪವಾಯಿತು, ಪುಂಡಿಪಲ್ಲೆಗೆ ಖಾರ ಸಾಲದು, ಬೀಗತಿ ಬಂದಾಗ ಬಾಗಿಲಿಗೆ ನೀರು ತರುವವರಿಲ್ಲ ಎಂದು ಗದರಿಸುತ್ತಿದ್ದರು. ಒಂದು ಸಲ ಹೋಳಿಗೆ ಬಡಿಸುವುದು ತಡವಾಯಿತೆಂದು ತಾಟು ಬಿಟ್ಟೆದ್ದು ಅಂಗಳಕ್ಕೆ ಹೋಗಿ ಮುನಿಸಿಕೊಂಡು ನಿಂತರು. ಅಷ್ಟು ನೋವಿನ ಸಂಗತಿಯನ್ನು ಹೀಗೆ ತಮಾಷೆಗೆ ಎಳೆಯಬಹುದೇ ಎಂದುಕೊಂಡೆ. ಶಾಂತಕ್ಕ ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತ ನಗುತ್ತ ಅತ್ತಳು, ಹೋಗಿ ಬೀಗತಿಯ ಕೈ ಹಿಡಿದು ಎಳೆದು ತಂದು ಕೂರಿಸಿದಳು. ಮದುವೆಯಾಗದ ಅಕ್ಕೋರಿಗೆ ಬೀಗರು ಎಲ್ಲಿಂದ ಬರಬೇಕು. ಹೀಗೆ ಬಂದರು.

ಗಂಡ ಆ ರೂಮುಗಳಿಗೆ ಬಣ್ಣ ಹೊಡೆದ ಕತೆಯನ್ನು ಶಾಂತಕ್ಕ ಶನಿವಾರಕ್ಕೊಮ್ಮೆ ಹೇಳುತ್ತಿದ್ದಳು. ಏಣಿ ಅಲ್ಲಾಡಿದ್ದು, ಬಣ್ಣದ ಡಬ್ಬಿ ಗಂಡನ ತಲೆಯ ಮೇಲೆ ಬಿದ್ದದ್ದು, ನೀಲಿ ತಲೆಯಲ್ಲೇ ಆತ ಪ್ರವಾಸಿಗಳನ್ನು ಗುಡಿ ತೋರಿಸಲು ಕರೆದೊಯ್ದದ್ದು. ನಾನೇ ಆ ಕತೆಯನ್ನು ಬಾಯಿಪಾಠ ಒಪ್ಪಿಸಬಲ್ಲೆ. ಅಕ್ಕೋರ ಬೆರಳು ಒಂದು ದಿನವೂ ಮೇಲೆದ್ದದ್ದನ್ನು ನಾನು ಕಾಣೆ. ಡಬ್ಬಿ ಬೀಳುವ ಜಾಗ ಬಂದಾಗ, ಆಮೇಲೆ ಏನಾಯಿತು ಎಂದು ತಾವೇ ಕೇಳುತ್ತಿದ್ದರು. ಈ ಬಗ್ಗೆ ನಾನು ಒಮ್ಮೆ ಅವರನ್ನು ಕೆಣಕಿದೆ. ನಮಗೆ ಮಾತ್ರ ಬೆರಳೇ ಎಂದೆ. ನೀವು ಹೇಳುವುದು ಕೆಲಸದ ಮಾತು, ಅದು ಒಮ್ಮೆ ಸಾಕು ಎಂದು ಹೇಳಿ ಕಣ್ಣು ಮುಚ್ಚಿಕೊಂಡರು.

ಅವರು ಹೋದ ದಿನ ಶಾಂತಕ್ಕನಿಗೆ ಯಾರು ಹೇಳಬೇಕು ಎಂದು ನಾವು ಮೂವರೂ ಮಾತಾಡಿಕೊಂಡೆವು. ಒಬ್ಬರೇ ಹೇಳಬೇಕು, ಫೋನಿನಲ್ಲಿ ಹೇಳಬಾರದು ಎಂದು ತೀರ್ಮಾನಿಸಿ ನಾನು ಹೋದೆ. ಆಕೆ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದಳು. ಹೇಳಿದೆ. ಸೊಪ್ಪನ್ನು ಪೂರ್ತಿ ಸೋಸಿದಳು, ಕಡ್ಡಿ ಬೇರೆ ಮಾಡಿದಳು, ಒಳಗೆ ಇಟ್ಟು ಬಂದಳು. ಆಮೇಲೆ ಸಂಡೂರಿಗೆ ಯಾವ ಬಸ್ಸು ಎಂದು ಕೇಳಿದಳು. ಮಣ್ಣಿಗೆ ನನ್ನ ಜೊತೆಗೇ ಬಂದಳು. ಅಲ್ಲಿ ಯಾರೋ, ನೀವು ಏನಾಗಬೇಕು ಎಂದು ಕೇಳಿದರು. ಬೀಗರು ಎಂದಳು. ಕೇಳಿದವರು ಹೌದೇ ಎನ್ನುವ ಹಾಗೆ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಹೋದ ವಾರ ಒಂದು ಮಧ್ಯಾಹ್ನ ಶಾಂತಕ್ಕ ಆಫೀಸಿಗೆ ಫೋನ್ ಮಾಡಿದಳು. ನಾನೇ ಎತ್ತಿದೆ.

"ತಮ್ಮಾ, ಆ ಬೀಗರ ರೂಮು ಇನ್ನ ಎಲ್ಲಾರಿಗೂ ತೋರಿಸಿಬಿಡಪಾ."

ಗಂಗಾವತಿಯವರು ಬಂದರೆ ಏನು ಮಾಡುತ್ತೀ ಎಂದು ಕೇಳಿದೆ.

"ಬಂದ್ರ ನಾ ಮಲಗೋ ಕಡೆ ಮಲಗ್ತಾರ ಬಿಡು. ನನ್ನ ಬೀಗತಿ ಬಂದು ಹೋಗ್ಯಾಳ. ಆ ಹಾಸಿಗಿ ಖಾಲಿ ನೋಡಾಕ ನನಗ ಆಗವಲ್ದು."

ಫೋನ್ ಇಟ್ಟು ಕಂಪ್ಯೂಟರಿನ ಮುಂದೆ ಕುಳಿತೆ. ಗಿರಿಜಾ ಏನೆಂದು ಕೇಳಿದಳು, ಹೇಳಿದೆ. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಖಾದರನಿಗೂ ಇರಲಿಲ್ಲ. ಅಕ್ಕೋರು ಹಾಗೆಯೇ ಮಾಡಿಸಿಟ್ಟು ಹೋಗಿದ್ದರು. ನನ್ನ ಕಡೆ, ಶಾಂತಕ್ಕನ ಹೆಸರಿನ ಎದುರು, ಒಂದೇ ಒಂದು ಕಡೆ, ಬೀಗರ ರೂಮು ಹೌದು ಎಂದಿದ್ದದ್ದನ್ನು ಇಲ್ಲ ಎಂದು ಮಾಡಿದೆ. ಖಾದರ್ ತನ್ನ ಪರದೆ ನೋಡಿ, ನಾಲ್ಕು ಬಂತು ಎಂದ. ಅಷ್ಟರಲ್ಲಿ ಮುಗಿದುಹೋಗಿತ್ತು. ಮೊದಲಿನ ಹಾಗೆ ಮೂರು ಕಡೆ ಇದ್ದಿದ್ದರೆ ಮೂವರೂ ಕುಳಿತು ಹುಡುಕಿ, ಜಗಳಾಡಿ, ಒಬ್ಬರದೊಬ್ಬರು ನೋಡಿ ಸರಿಮಾಡುವಷ್ಟರಲ್ಲಿ ಆ ಮಧ್ಯಾಹ್ನ ಪೂರ್ತಿ ಹಿಡಿಯುತ್ತಿತ್ತು. ನನಗೆ ಆ ಮಧ್ಯಾಹ್ನ ಬೇಕಾಗಿತ್ತು.